ಗಂಟುಗಳ ಭಾರಕ್ಕೆ ತಕ್ಕ ಸ್ಪ್ರಿಂಗು

"ಕಾರಿನ ಹಿಂದುಗಡೆ ಸಾಮಾನ್ಯವಾಗಿ ಎಷ್ಟು ಭಾರ ಇರುತ್ತೆ?" ಎಂದು ಮೆಕ್ಯಾನಿಕ್ ಕೇಳಿದಾಗ ಎಲೆಕ್ಟ್ರಿಷಿಯನ್ ಯೋಚಿಸಲೂ ಇಲ್ಲ. "ಹೆಂಡ್ತಿ, ಅವಳ ಬಟ್ಟೆ ಗಂಟುಗಳು," ಎಂದ.

ಬೆಂಚಿನ ಮೇಲೆ ಎರಡು ಜೊತೆ ಸ್ಪ್ರಿಂಗುಗಳಿದ್ದವು, ಒಂದು ತೆಳ್ಳಗಿನದು, ಇನ್ನೊಂದು ದಪ್ಪನೆಯದು. ಮೆಕ್ಯಾನಿಕ್ ತೆಳ್ಳಗಿನದನ್ನು ಮುಂದೆ ತಳ್ಳಿದ. "ಆಸ್ಪತ್ರೆಗೆ ಓಡಾಡೋಕೆ ಅಂದ್ರಲ್ಲ, ಈ ಮೆತ್ತಗಿರೋದು ಸಾಕು. ಗಂಟು ಹೇರಿದ್ರೆ ಮಾತ್ರ ಕುಸಿದುಬಿಡುತ್ತೆ."

"ಹಾಗಾದ್ರೆ ಬೇಡ. ಹುಷಾರಾದ್ಮೇಲೆ ಅವಳು ಮತ್ತೆ ಹೊಲಿಗೆ ಶುರು ಮಾಡ್ತಾಳೆ. ಆಗ ಇನ್ನೊಂದ್ಸಲ ಯಾರು ಬಿಚ್ಚಿಸ್ತಾರೆ? ಗಟ್ಟಿದೇ ಹಾಕು."

ಆ ಕಾರಿಗೆ ಎಲೆಕ್ಟ್ರಿಷಿಯನ್ ಮಾಡದ ಶೃಂಗಾರವಿರಲಿಲ್ಲ. ಅಗಲದ ಟೈರು, ಬೀದಿಯನ್ನೇ ಎಬ್ಬಿಸುವ ಸೈಲೆನ್ಸರು, ನೆಲ ಮುಟ್ಟುವಷ್ಟು ತಗ್ಗಿಸಿದ ಮೈ. "ನನ್ನ ಸವತಿಗೆ ಈ ತಿಂಗಳು ಏನು ಒಡವೆ?" ಎಂದು ಹೆಂಡತಿ ರೇಗಿಸುತ್ತಿದ್ದಳು. ರೇಗಿಸುತ್ತಲೇ, ಹೊಲಿದ ಸಮವಸ್ತ್ರಗಳ ಗಂಟುಗಳನ್ನು ಅದೇ ಸವತಿಯ ಬೆನ್ನಿಗೆ ಹೇರಿ ಅಂಗಡಿಗಳಿಗೆ ಮುಟ್ಟಿಸುತ್ತಿದ್ದಳು. ಈಗ ಅವಳ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ರಸ್ತೆಯ ಪ್ರತಿ ಗುಂಡಿಗೂ ಕಾರಿನಲ್ಲಿ ಅವಳು ಚೀರುತ್ತಿದ್ದಳು. ತನ್ನ ಕಾರಿನ ಬಗ್ಗೆ ಅವನಿಗೆ ಮೊದಲ ಬಾರಿಗೆ ನಾಚಿಕೆಯಾಗಿತ್ತು.

ಗಟ್ಟಿ ಸ್ಪ್ರಿಂಗು ಹಾಕಿಸಿ ಆಸ್ಪತ್ರೆಗೆ ಕರೆದೊಯ್ದ ದಿನ ಅವಳು ಚೀರಲಿಲ್ಲ. "ಪರವಾಗಿಲ್ಲ, ಮೊದಲಿಗಿಂತ ವಾಸಿ," ಎಂದಳು. ಅವನು ಕನ್ನಡಿಯಲ್ಲಿ ನೋಡಿದರೆ ದಿಂಬಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕಣ್ಣಲ್ಲಿ ಧಾರಾಕಾರ ನೀರು. ವಾಪಸು ಬರುವಾಗ ಮನೆಗೆ ಹೋಗದೆ ಕಾರನ್ನು ನೇರ ಗ್ಯಾರೇಜಿಗೇ ತಿರುಗಿಸಿದ.

"ನನಗೇ ಟೋಪಿ ಹಾಕ್ತೀಯೇನೋ?" ಎಂದು ಇಳಿಯುತ್ತಲೇ ಕೂಗಾಡಿದ.

ಮೆಕ್ಯಾನಿಕ್ ಕಾರಿನ ಹಿಂಭಾಗಕ್ಕೆ ಎರಡೂ ಕೈ ಊರಿ ಒತ್ತಿದ. ಅದು ಬಗ್ಗಲಿಲ್ಲ. "ನೀವು ಹೇಳಿದ ಭಾರಕ್ಕೇ ಹಾಕಿದೀನಿ. ಭಾರ ಇಲ್ದಿದ್ರೆ ಇದು ಬಗ್ಗಲ್ಲ, ಎತ್ತಿ ಕುಕ್ಕುತ್ತೆ. ಗಂಟುಗಳೆಲ್ಲಿ?"

"ಯಾವ ಗಂಟು?" ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು. ಗಂಡ ತಲೆ ತಗ್ಗಿಸಿದ. ವಿಷಯವನ್ನು ಮೆಕ್ಯಾನಿಕ್ಕೇ ಹೇಳಬೇಕಾಯಿತು. ಅವಳಿಗೆ ಮೊದಲು ನಗು ಬಂತು.

"ಹೊಲಿಗೆ ಮೆಷಿನ್ ನಿಮ್ಮ ತಂಗಿಗೆ ಕೊಡ್ತೀನಿ ಅಂತ ನಿಮ್ಮೆದುರಿಗೇ ಹೇಳಿದ್ನಲ್ಲಾ ರೀ."

"ಜ್ವರದಲ್ಲಿ ಏನೋ ಅಂತಿದೀಯ ಅಂದ್ಕೊಂಡೆ."

"ಅವತ್ತು ಜ್ವರ ಇರ್ಲಿಲ್ಲ," ಎಂದಳು. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, "ಮೆತ್ತಗಿರೋದು ಹಾಕಿಬಿಡಣ್ಣ," ಎಂದಳು.

ಕೆಲಸ ಮುಗಿಯುವವರೆಗೂ ಅವಳು ಗ್ಯಾರೇಜಿನ ಬೆಂಚಿನ ಮೇಲೆ ದಿಂಬು ಹಾಕಿಕೊಂಡು ಒರಗಿದ್ದಳು. ಅವನು ಪಕ್ಕದಲ್ಲೇ ನಿಂತಿದ್ದ. ಮೆಕ್ಯಾನಿಕ್ ಬಿಚ್ಚಿದ ದಪ್ಪ ಸ್ಪ್ರಿಂಗುಗಳನ್ನು ಒರೆಸಿ ಎತ್ತಿ ಹಿಡಿದ. "ಇವನ್ನ ಡಿಕ್ಕಿಯಲ್ಲಿಡ್ಲಾ?"

ಅವಳು ಗಂಡನ ಮುಖ ನೋಡಿದಳು. "ಇಡಣ್ಣ. ಹುಷಾರಾದ್ಮೇಲೆ ಹಾಕಿಸ್ಕೊಂಡ್ರಾಯ್ತು," ಎಂದಳು.

ಆ ಮಾತನ್ನು ಅವಳು ಯಾರಿಗೋಸ್ಕರ ಆಡಿದಳೆಂದು ಅವನಿಗೆ ಗೊತ್ತಾಯಿತು. ನೋವು ತಿನ್ನುತ್ತಿರುವವಳು ತನ್ನನ್ನೇ ಸಮಾಧಾನ ಮಾಡುತ್ತಿದ್ದಾಳಲ್ಲಾ ಎಂದು ದುಃಖ ಒತ್ತರಿಸಿ ಬಂತು.

"ಬೇಡ," ಎಂದ. "ಇಲ್ಲೇ ಇರ್ಲಿ. ಬೇರೆ ಯಾರಿಗಾದ್ರೂ ಹಾಕು."

ಅವಳು ಎದ್ದು ನಿಲ್ಲಲು ಅವನ ತೋಳು ಹಿಡಿದುಕೊಂಡಳು, ಕಾರಿನಲ್ಲಿ ಮಲಗಿಸುವವರೆಗೂ ಬಿಡಲಿಲ್ಲ.

ಮನೆಯ ಬೀದಿಗೆ ತಿರುಗುವಲ್ಲಿ ಒಂದು ದೊಡ್ಡ ರಸ್ತೆ ಉಬ್ಬು. ಅವನು ಉಸಿರು ಬಿಗಿಹಿಡಿದು ಕಾರನ್ನು ಆಮೆಯಂತೆ ನಡೆಸಿದ. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ದಿಂಬು ಅವಳ ತಲೆಯ ಕೆಳಗೇ ಇತ್ತು.

"ಉಬ್ಬು ಇನ್ನೂ ಬರ್ಲಿಲ್ವಾ?" ಎಂದು ಅವಳು ಕೇಳಿದಳು.

"ದಾಟಿದ್ವಿ."

"ಹೌದಾ? ಗೊತ್ತೇ ಆಗ್ಲಿಲ್ಲ ನೋಡಿ."

ಮನೆ ಬಂದಿತ್ತು. ಅವನು ಇಂಜಿನ್ ಆರಿಸಿದ. ಕೆಳಗಿಳಿಯದೆ, ಎರಡೂ ಕೈಗಳಲ್ಲಿ ಸ್ಟೀರಿಂಗ್ ಹಿಡಿದು ಹಾಗೇ ಕೂತ.