ಅಕ್ಕನ ಹಿಡಿ ಎಷ್ಟು ತೂಕ?

ಕೆಂಪು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿಳಿ ಅಂಗಿ ಬಿದ್ದರೆ ಏನಾಗುತ್ತೆ ಅಂತ ಯಾವ ಮನೆಗೆ ಗೊತ್ತಿಲ್ಲ? ನೂಲಿಗೆ ಬಣ್ಣ ಹಾಕುವ ಒಂದು ಮನೆಯ ಹಿರಿ ಸೊಸೆಯ ಕೆಂಪು ಮಾತ್ರ ಯಾವತ್ತೂ ಬಿಟ್ಟಿದ್ದಿಲ್ಲ. "ಬಣ್ಣ ನಿಲ್ಲೋಕೆ ಪಟಿಕ ಎಷ್ಟು ಹಾಕ್ತೀರಿ?" ಎಂದು ಕೇಳಿದರೆ ಒಂದೇ ಉತ್ತರ: "ಒಂದು ಹಿಡಿ."

ಈಗ ಬಣ್ಣ ಬಿಡದ ಕೆಂಪು ನೂಲಿಗೆಂದು ಸರ್ಕಾರಿ ಜವಳಿ ಪ್ರಯೋಗಾಲಯದಿಂದ ಮೆಚ್ಚುಗೆ ಪತ್ರ ಬಂದಿದ್ದು ಕಿರಿ ಸೊಸೆಗೆ! ಹಿರಿಯವಳ ಹೊಟ್ಟೆ ಧಗಧಗ ಉರಿಯಿತು. ಮೂವತ್ತು ವರ್ಷ ಹಂಡೆಯ ಮುಂದೆ ಬೆಂದವಳು ತಾನು, ಪತ್ರ ಮೊನ್ನೆ ಮೊನ್ನೆ ಬಂದವಳಿಗೆ.

ಅಷ್ಟರಲ್ಲಿ ಮಗಳು ವಿಜ್ಞಾನ ವಿಭಾಗದ ಅರ್ಜಿ ಹಿಡಿದು ಬಂದಳು. ಸಂಜೆಯೊಳಗೆ ಸಹಿ ಬೇಕಿತ್ತು.

"ಅಮ್ಮಾ, ವಿಜ್ಞಾನಕ್ಕೇ ಸೇರು ಅಂತ ಚಿಕ್ಕಮ್ಮ ಹೇಳಿದ್ರು."

"ಅವಳು ಹೇಳಿದ್ಲಾ? ಹಾಗಾದ್ರೆ ಬೇಡ. ಈ ಮನೆಗೆ ಒಬ್ಬಳು ವಿಜ್ಞಾನಿ ಸಾಕು."

ಮಗಳು ಕಣ್ಣೊರೆಸಿಕೊಂಡು ಹೊರಗೆ ಹೋದಳು. ಹಿರಿಯವಳ ಕಣ್ಣು ವಾರಗಿತ್ತಿಯ ನೋಟ್‌ಬುಕ್ಕಿನ ಮೇಲೆ ಬಿತ್ತು. ಗುಟ್ಟೆಲ್ಲ ಅದರಲ್ಲೇ ಇರಬೇಕು! ಅತ್ತಿತ್ತ ನೋಡಿ ತೆಗೆದಳು.

ಮೊದಲ ಪುಟದಲ್ಲಿ ನೀರಿನ ಬಿಸಿ, ಪಟಿಕದ ತೂಕ, ಕೆಳಗೆ "ಬಣ್ಣ ಬಿಟ್ಟಿತು." ಎರಡನೆಯದರಲ್ಲೂ "ಬಣ್ಣ ಬಿಟ್ಟಿತು." ಹೀಗೇ ಇಪ್ಪತ್ತೆರಡು ಸಲ. ಸುಳ್ಳೇಕೆ, ಓದಿ ಅವಳಿಗೆ ಒಳಗೊಳಗೇ ಖುಷಿಯಾಯಿತು. ಇಪ್ಪತ್ತಮೂರನೆಯ ಪುಟದಲ್ಲಿ ಹೀಗಿತ್ತು: "ಅಕ್ಕನ ಒಂದು ಹಿಡಿ, ಅರವತ್ತೆರಡು ಗ್ರಾಂ. ಬಣ್ಣ ನಿಂತಿತು."

ತಲೆ ಎತ್ತಿದರೆ ಬಾಗಿಲಲ್ಲಿ ವಾರಗಿತ್ತಿ.

"ನನ್ನ ಹಿಡೀನ ಯಾವಾಗ ತೂಗಿದೆ?" ಸಿಕ್ಕಿಬಿದ್ದರೂ ಹಿರಿಯವಳ ದನಿ ತಗ್ಗಲಿಲ್ಲ.

"ಬಟ್ಟಲಿಗೆ ಹಾಕಿಟ್ಟು ನೀರು ತರೋಕೆ ಹೋಗಿದ್ರಲ್ಲ, ಆಗ. ಕೇಳಿದ್ರೆ ಹೇಳ್ತಿದ್ರಾ? ನಿಮ್ಮ ಕೈ ನೋಡಿ ನನಗೂ ಹೊಟ್ಟೆ ಉರೀತಿತ್ತು ಅಕ್ಕಾ. ತಡೆಯೋಕಾಗದೆ ತಕ್ಕಡಿ ತಂದೆ. ಆ ಪತ್ರ ಪೂರ್ತಿ ಓದಿದ್ರಾ?"

ಓದಿರಲಿಲ್ಲ. ಹೊಟ್ಟೆ ಉರಿಯೋಕೆ ಮೊದಲ ಸಾಲೇ ಸಾಕಾಗಿತ್ತು. ವಾರಗಿತ್ತಿ ಕೊಟ್ಟ ಪತ್ರದ ಕೊನೆಯ ಸಾಲು ಹೀಗಿತ್ತು: "ಈ ಅಳತೆ ನಿಮ್ಮ ಅಕ್ಕನವರದು ಎಂದು ಬರೆದಿದ್ದೀರಿ. ಅವರನ್ನೂ ಕರೆತನ್ನಿ."

"ನಾನು ಬಂದು ಏನು ಹೇಳ್ಲಿ? ಎಷ್ಟು ಹಾಕ್ಬೇಕು ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಅದನ್ನ ಓದಿ ಬಂದು ನಮ್ಮಿಬ್ಬರಿಗೂ ಹೇಳಬೇಕಾದವಳು ಹೊರಗೆ ಅಳ್ತಾ ಕೂತಿದಾಳೆ."

ಹಿರಿಯವಳು ಮಗಳನ್ನು ಕೂಗಿ ಕರೆದಳು. ಬಣ್ಣದ ಕೈ ಒರೆಸಿಕೊಂಡು ಸಹಿ ಹಾಕಿದಳು. ಕಿಚ್ಚು ಮಾತ್ರ ಪೂರ್ತಿ ಆರಿರಲಿಲ್ಲ. "ನಾಳೆಯಿಂದ ನಾನೂ ಬರೀತೀನಿ. ನಿನ್ನದಕ್ಕಿಂತ ದಪ್ಪ ಪುಸ್ತಕ!"

ಕೇಳಿದಿರಲ್ಲ? ನಿಮ್ಮ ಕೈಯಲ್ಲೂ ಒಂದು ವಿದ್ಯೆ ಇದೆ. ಅದನ್ನು ತೂಗಿ, ಅಳೆದು ಬರೆದಿಡಿ. ಕೆಟ್ಟಿದ್ದನ್ನೂ ಬರೆಯಿರಿ. ಪಕ್ಕದವರಿಗೆ ಹೇಳಿಕೊಡಿ. "ಯಾಕೆ" ಎಂದು ಕೇಳುವ ಮಗಳನ್ನು ಓದಿಸಿ. ದೇಶದ ವಿಜ್ಞಾನ ಬೆಳೆಯುವುದು ಹೀಗೇ. ಹೊಟ್ಟೆ ಉರಿದರೆ ಉರಿಯಲಿ ಬಿಡಿ, ಮೊದಲು ತಕ್ಕಡಿ ತನ್ನಿ.