ಗೋರಿಯ ಮೇಲಿನ ತಗಡು

"ತಗಡ ತಗೀರಿ ಅಬ್ಬಾ, ಮ್ಯಾಡಮ್ಮೋರು ಬರಾಕತ್ತಾರ," ಎಂದು ಜಾವೀದ ಬೇಲಿಯಾಚೆಯಿಂದ ಮೆಲ್ಲಗೆ ಹೇಳಿದ.

ಮುರ್ತುಜಾ ಗೋರಿಯ ಬದಿಯಿಂದ ಏಳಲಿಲ್ಲ. ಹೆಂಡತಿ ಅಜೀಜಾಬಿಯನ್ನು ಮಣ್ಣು ಮಾಡಿದ್ದು ಹೋದ ಜುಮ್ಮಾದಂದು. ಎರೆಭೂಮಿಯಲ್ಲಿ ಹಸಿ ಗೋರಿಗೆ ಮಳೆ ಬಿದ್ದರೆ ಕುಸಿಯುತ್ತದೆ. ಮಣ್ಣು ಕೂರುವ ತನಕ ತಗಡು ಹೊದಿಸುವುದು ಅವರ ಮನೆತನದ ರೂಢಿ. "ನನ್ನ ಮ್ಯಾಲ ನೀರು ಇಳೀಗೊಡಬ್ಯಾಡ್ರಿ," ಎಂದು ಅವಳೇ ಕೊನೆಗೆ ಕೇಳಿಕೊಂಡಿದ್ದಳು.

ನೆಲೋಗಿಯ ಆ ಖಬರಸ್ತಾನದ ಬಗಲಲ್ಲೇ ವಿಮಾನ ಇಳಿಯುವ ಹೊಸ ಪಟ್ಟಿ. ಚಾಲಕ ಕೈ ಹಚ್ಚದೆಯೇ ವಿಮಾನವನ್ನು ಇಳಿಸುವ ಯಂತ್ರವೊಂದನ್ನು ಸರ್ಕಾರದ ನೆರವಿನಿಂದ ತಯಾರಿಸಿ ಅಲ್ಲಿ ಪರೀಕ್ಷಿಸುತ್ತಿದ್ದರು. ಕೊಳ್ಳಬೇಕೆಂದು ಹೊರದೇಶದವರು ಇಂದು ನೋಡಲು ಬಂದಿದ್ದರು. ಜಾವೀದನಿಗೆ ಗೇಟು ಕಾಯುವ ಕೆಲಸ ಸಿಕ್ಕಿದ್ದೂ ಅಲ್ಲೇ.

ಇಂಜಿನಿಯರ್ ಸುವರ್ಣಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

"ಕಾಕಾ, ಯಂತ್ರದ ಸಿಗ್ನಲ್ಲು ಈ ತಗಡಿಗೆ ಬಡದು ಅಡ್ಡಾದಿಡ್ಡಿ ಹೋಗ್ತದ್ರಿ. ವಿಮಾನ ದಾರಿ ತಪ್ತದ. ತಾಡಪತ್ರಿ ಹೊದಸ್ರಿ."

"ಹೊದಿಸಿದ್ದೆವ್ವಾ. ನಿನ್ನಿ ನಿಮ್ಮ ವಿಮಾನದ ಗಾಳಿಗೇ ಹರಕೊಂಡು ಹೋತು. ಮೋಡ ನೋಡು ತಂಗಿ. ನಾಳಿ ಇಳಸ್ರಿ."

ಸುವರ್ಣಾ ತಲೆ ತಗ್ಗಿಸಿದಳು. "ಮಳ್ಯಾಗೂ ಇಳೀತದಂತ ತೋರಿಸ್ಬೇಕ್ರಿ ಅವರಿಗೆ. ನಾವು ಮಳಿಗೇ ಕಾಯಾಕತ್ತೇವಿ."

ತಂದೆ ಮಗನ ಮುಖ ನೋಡಿದ. ಮಗ ನೆಲ ನೋಡುತ್ತಿದ್ದ. ಮುರ್ತುಜಾ "ಬಿಸ್ಮಿಲ್ಲಾ" ಎಂದು ತಗಡು ಎತ್ತಿದ.

ಅದನ್ನು ಖಬರಸ್ತಾನದ ಹೊರಗೆ ಒಯ್ದಿಟ್ಟು, ಅಲ್ಲೇ ಕೂತು ಅವನು ದುವಾ ಬೇಡಲು ಕೈ ಎತ್ತಿದಾಗ, ಪಕ್ಕದ ಹೊಲದ ಚಂದ್ರಾಮಪ್ಪ ಬದುವಿನ ಮೇಲಿಂದ ಕೂಗಿದ: "ಏ ಸಾಹೇಬಾ, ಮಳಿ ಬ್ಯಾಡಂತ ಬೇಡಿ ಗೀಡೀಯೋ! ತೊಗರಿ ಬಿತ್ತಿ ಕುಂತೇನಿ. ನಿನ್ನ ಮಾತು ದೇವರು ಲಗೂ ಕೇಳ್ತಾನ!" ನಕ್ಕವನು, ಗೋರಿಯಿಂದ ತೆಗೆದಿಟ್ಟ ತಗಡು ಕಂಡು ತಲೆಯ ರುಮಾಲು ತೆಗೆದ.

ಮಳೆ ದೇವರ ಕರುಣೆ, ಬೇಡವೆನ್ನುವುದು ಹೇಗೆ? ಬರಲಿ ಎನ್ನುವುದು ಹೇಗೆ? ಎತ್ತಿದ ಕೈ ಎತ್ತಿದಂತೆಯೇ ಇತ್ತು. ಮೊದಲ ಹನಿ ಆ ಅಂಗೈಗೇ ಬಿತ್ತು.

ಮಳೆ ಹೊಡೆಯಿತು. ಎದುರಿನ ಹೊಲವೇ ಕಾಣದಂಥ ಮಳೆಯಲ್ಲಿ ವಿಮಾನ ಗೆರೆ ಎಳೆದ ಹಾಗೆ ನೆಟ್ಟಗೆ ಇಳಿಯಿತು. ಕೊಡೆಗಳ ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

ಮುರ್ತುಜಾ ಓಡಿದ. ಗೋರಿಯ ತಲೆದೆಸೆ ಕುಸಿದು ಕಪ್ಪು ರಾಡಿ ನಿಂತಿತ್ತು. ಬೊಗಸೆಯಲ್ಲಿ ರಾಡಿ ತೋಡಿ ಚೆಲ್ಲಿದ, ಮಣ್ಣು ಎಳೆದು ತುಂಬಿದ. ಜಾವೀದನೂ ಬಂದು ಮೊಣಕಾಲೂರಿದ. ಇಬ್ಬರೂ ಸೇರಿ ತಗಡು ಹೊದಿಸಿದರು.

ಗೇಟಿನ ಕಡೆಯಿಂದ ಸೀಟಿ ಕೇಳಿಸಿತು. ಜಾವೀದ ಹೋಗಿ ಮಾತಾಡಿ ಬಂದ.

"ಇನ್ನೊಮ್ಮಿ ಇಳಿಸಿ ನೋಡ್ತಾರಂತ, ಅಬ್ಬಾ."

ಮಳೆ ಇನ್ನೂ ಸುರಿಯುತ್ತಲೇ ಇತ್ತು. ಮುರ್ತುಜಾ ಕೈಯ ರಾಡಿಯನ್ನು ಲುಂಗಿಗೆ ಒರೆಸಿಕೊಂಡು ತಗಡಿನ ಒಂದು ತುದಿ ಹಿಡಿದ. ಮಗ ಇನ್ನೊಂದು ತುದಿಗೆ ಬರಲಿ ಎಂದು ಕಾದ.