ತಗ್ಗಿನ ಕಡೆ

“ನೀರು ಎಲ್ಲಿಗೆ ಬಿಡೋಣ ಮೇಷ್ಟ್ರೇ?”

ಮೇಸ್ತ್ರಿ ಎರಡನೆಯ ಸಲ ಕೇಳಿದಾಗ ಅವನು ಜಲ್ಲಿಯ ಗುಡ್ಡೆ ನೋಡುತ್ತಿದ್ದ. ಮೊದಲ ಸಲವೂ ಕೇಳಿಸಿತ್ತು.

ಮೂರು ದಿನದಿಂದ ಹಿತ್ತಿಲಲ್ಲಿ ಕೆಲಸ ನಡೆದಿತ್ತು. ಮುಕ್ಕಾಲು ಅಡಿ ಜೇಡಿಮಣ್ಣು ತೆಗೆದು ಲಾರಿಗೆ ತುಂಬಿದ್ದರು. ಕಾಲುವೆ ತೋಡಿ, ಮೈತುಂಬ ತೂತಿರುವ ಪೈಪು ಮಲಗಿಸಿ, ಬಟ್ಟೆಯಂಥ ಹಾಳೆ ಹಾಸಿ, ಮೇಲೆ ಜಲ್ಲಿ, ಅದರ ಮೇಲೆ ಕಲ್ಲುಪುಡಿ ಸುರಿದು ಯಂತ್ರದಲ್ಲಿ ದಮ್ಮಸು ಮಾಡಿದ್ದರು. ಇವತ್ತು ಭಾನುವಾರ. ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳು ಗೋಡೆಗೊರಗಿದ್ದವು. ನಾಳೆ ಒಂಬತ್ತಕ್ಕೆ ಹೆಂಡತಿಯ ಶಿಶುವಿಹಾರದ ಇಪ್ಪತ್ತೆರಡು ಮಕ್ಕಳು ಅದರ ಮೇಲೆ ಓಡಾಡಬೇಕು.

ಹೆಂಡತಿ ಅವನನ್ನು ಕೇಳದೆಯೇ ಮೇಸ್ತ್ರಿಯನ್ನು ಕರೆಸಿದ್ದಳು. ಕೇಳುವುದಕ್ಕೇನಿತ್ತು? ಒಂಬತ್ತು ವರ್ಷ ಅವನು ಆ ಜೇಡಿಯಲ್ಲಿ ಹುಲ್ಲು ಬೆಳೆಸಲು ನೋಡಿದ್ದ. ಮರಳು ಬೆರೆಸಿದ, ಜಿಪ್ಸಂ ಹಾಕಿದ, ಗೊಬ್ಬರ ಹಾಕಿದ. ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರ ಹೇಳುವವನ ಹಿತ್ತಿಲು ಮಳೆಗೆ ಎಮ್ಮೆ ಮಲಗುವ ಹೊಂಡ, ಬಿಸಿಲಿಗೆ ಬಿರುಕುಬಿಟ್ಟ ಹಿಮ್ಮಡಿ. ಜೇಡಿಯಲ್ಲಿ ನೀರಿಳಿಯುವ ವೇಗದ ಮೇಲೆ ಅವನು ಬರೆದ ಪ್ರಬಂಧ ಹನ್ನೊಂದು ಕಡೆ ಉಲ್ಲೇಖವಾಗಿತ್ತು. ಅದರಲ್ಲಿ ಏಳು ಕಡೆ ಉಲ್ಲೇಖಿಸಿದವನು ಅವನೇ.

“ಮೇಷ್ಟ್ರು ಹೇಳಿದ್ದು ಪುಸ್ತಕದಲ್ಲಿರತ್ತೆ, ಮೇಸ್ತ್ರಿ ಮಾಡಿದ್ದು ನೆಲದಲ್ಲಿರತ್ತೆ,” ಎಂದು ಹೆಂಡತಿ ಮೊದಲ ದಿನವೇ ನಕ್ಕಿದ್ದಳು. ಮೇಸ್ತ್ರಿಯೂ ನಕ್ಕಿದ್ದ. ಅವನೂ ನಕ್ಕಿದ್ದ, ಇಬ್ಬರಿಗಿಂತ ಸ್ವಲ್ಪ ಜಾಸ್ತಿ ಹೊತ್ತು.

“ಎರಡು ದಾರಿ ಇದೆ,” ಮೇಸ್ತ್ರಿ ಈಗ ಹೇಳಿದ. “ಬೀದಿ ಚರಂಡಿಗೆ ಬಿಡಬೇಕು ಅಂದ್ರೆ ಓಣಿ ಕಾಂಕ್ರೀಟು ಒಡೀಬೇಕು. ಇನ್ನೂ ಎರಡು ದಿನ ಹಿಡಿಯತ್ತೆ. ಇಲ್ಲಾಂದ್ರೆ ನೆಲ ತಾನಾಗೇ ತಗ್ಗಿರೋದು ಆ ಮೂಲೆಗೆ. ಗೋಡೇಲಿ ಒಂದು ತೂತು ಹೊಡೆದ್ರೆ ಮುಗೀತು.”

ಗೋಡೆಯ ಆಚೆ ತಮ್ಮನ ಮನೆ.

ತಮ್ಮನ ಜೊತೆ ಮಾತು ನಿಂತು ಆರು ವರ್ಷ. ಜಗಳ ಎನ್ನುವಂಥದ್ದೇನೂ ಆಗಿರಲಿಲ್ಲ. ಅಪ್ಪ ತಮ್ಮನ ಮನೆಯಲ್ಲಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಅವನು ಆಗ ಪ್ರಬಂಧ ಬರೆಯುತ್ತಿದ್ದ. ನಾಳೆ ಹೋದರಾಯಿತು ಎನ್ನುವಷ್ಟು ಹತ್ತಿರ, ಹತ್ತಿರವಿದ್ದದ್ದೇ ತೊಂದರೆಯಾಯಿತು. ಅಪ್ಪನನ್ನು ಮಣ್ಣು ಮಾಡುವ ದಿನ ಅವನು ಹಿಡಿಮಣ್ಣು ಎತ್ತಿಕೊಂಡಾಗ ತಮ್ಮ ಮೆಲ್ಲಗೆ ಅಂದಿದ್ದ: “ಬಾ ಅಣ್ಣ. ಮಣ್ಣಿನ ಮೇಷ್ಟ್ರು, ಮಣ್ಣಿಗೆ ಸರಿಯಾಗಿ ಬಂದೆ.”

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಕ್ಷಮಿಸಲಾಗಲಿಲ್ಲ. ಮೊದಲು ತಮ್ಮನೇ ಮಾತಾಡಲಿ ಎಂದು ಕಾಯುತ್ತ ಬಂದಿದ್ದ.

“ಆ ಮನೆಗೆ ಬೀಗ ಹಾಕಿದೆ. ಸಾಯಂಕಾಲ ಬಂದ ಮೇಲೆ ಒಂದು ಮಾತು ಕೇಳಿ...” ಮೇಸ್ತ್ರಿ ರಾಗ ಎಳೆದ.

“ಕೇಳೋದೇನು,” ಎನ್ನುತ್ತ ಹೆಂಡತಿ ಒಳಗಿನಿಂದ ಬಂದಳು. “ನೀರು ತಗ್ಗಿಗೆ ಹೋಗತ್ತೆ. ನಾವೇನು ಕೈಹಿಡಿದು ಕಳಿಸ್ತೀವಾ?”

ಇಬ್ಬರೂ ಅವನ ಮುಖ ನೋಡಿದರು.

ಅವನಿಗೆ ಲೆಕ್ಕ ಗೊತ್ತಿತ್ತು. ಒಂದು ಒಳ್ಳೆಯ ಮಳೆಗೆ ಎಷ್ಟು ಕೊಡ ನೀರು ಆ ಮೂಲೆಗೆ ಬರುತ್ತದೆ, ಆಚೆಯ ಜೇಡಿ ಗಂಟೆಗೆ ಎಷ್ಟು ಕೂದಲೆಳೆ ದಪ್ಪ ನೀರು ಕುಡಿಯುತ್ತದೆ, ಉಳಿದದ್ದು ಎಷ್ಟು ದಿನಕ್ಕೆ ತಮ್ಮನ ಅಡುಗೆಮನೆಯ ಪಾಯಕ್ಕೆ ಇಳಿಯುತ್ತದೆ. ಇಡೀ ಊರಿನಲ್ಲಿ ಅದು ಸರಿಯಾಗಿ ಗೊತ್ತಿದ್ದವನು ಅವನೊಬ್ಬನೇ.

“ನಿಮಗೆ ಹೇಗೆ ಸರಿ ಅನ್ಸತ್ತೋ,” ಎಂದ.

“ಅಂದ್ರೆ?”

“ನೀವು ಅನುಭವಸ್ಥರು.”

ಮೇಸ್ತ್ರಿ ಒಂದು ಗಳಿಗೆ ಅವನನ್ನೇ ನೋಡಿ ಡ್ರಿಲ್ ತರಲು ಹೋದ.

ಗೋಡೆಗೆ ತೂತು ಬೀಳುವಾಗ ಅವನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ. ಮೇಜಿನ ಮೇಲಿನ ಲೋಟ ನಡುಗಿತು. ಆಚೆ ಯಾರಾದರೂ ಇದ್ದಿದ್ದರೆ ಖಂಡಿತ ಹೇಳುತ್ತಿದ್ದೆ ಎಂದುಕೊಂಡ. ಒಬ್ಬ ವಿದ್ಯಾರ್ಥಿ ಬರೆದಿದ್ದ: ‘ಜೇಡಿಮಣ್ಣು ಏನನ್ನೂ ಬಿಟ್ಟುಕೊಡುವುದಿಲ್ಲ, ಏಕೆಂದರೆ ಅದರ ಕಣಗಳು ಬಹಳ ಸಣ್ಣವು.’ ಪೂರ್ತಿ ಅಂಕ ಕೊಟ್ಟ.

ನಾಲ್ಕು ಗಂಟೆಗೆ ಹುಲ್ಲು ಹಾಸಿ ಮುಗಿದಿತ್ತು. ಅಂಚು ಕತ್ತರಿಸಿ, ಅಡಿಯಲ್ಲಿ ಟೇಪು ಕೊಟ್ಟು ಅಂಟಿಸಿದ್ದರು. ಕೂಲಿಗೆ ಬಂದಿದ್ದ ವಯಸ್ಸಾದ ಹೆಂಗಸು ಸಣ್ಣ ಮರಳು ಚೆಲ್ಲಿ, ಒರಟು ಪೊರಕೆಯಿಂದ ಎಳೆಗಳನ್ನು ಎಬ್ಬಿಸುತ್ತಿದ್ದಳು. ಒಂಬತ್ತು ವರ್ಷ ಬಾರದ ಹಸಿರು ಒಂದು ಮಧ್ಯಾಹ್ನದಲ್ಲಿ ಬಂದಿತ್ತು.

“ಪರೀಕ್ಷೆ ಮಾಡೇಬಿಡೋಣ,” ಎಂದು ಮೇಸ್ತ್ರಿ ನಲ್ಲಿ ತಿರುಗಿಸಿ ಪೈಪನ್ನು ಅವನ ಕೈಗೆ ಕೊಟ್ಟ. “ನೀವೇ ಬಿಡಿ ಮೇಷ್ಟ್ರೇ.”

ನೀರು ಹುಲ್ಲಿನ ಮೇಲೆ ಬಿತ್ತು, ಹೊಳೆಯಿತು, ಮಾಯವಾಯಿತು. ಕಾಲು ಗಂಟೆ ಬಿಟ್ಟರೂ ಅಂಗೈಯಗಲ ನಿಲ್ಲಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟು ಓಡಾಡಿ ಅಂಗಾಲು ನೋಡಿಕೊಂಡಳು. “ಚೂರೂ ಕೆಸರಿಲ್ಲ ನೋಡಿ.” ಅವಳು ಅಷ್ಟು ಖುಷಿಯಾಗಿದ್ದುದನ್ನು ನೋಡಿ ಬಹಳ ದಿನವಾಗಿತ್ತು. ಮೇಸ್ತ್ರಿಗೆ ಕಾಫಿ ತರಲು ಒಳಗೆ ಹೋದಳು.

ಆಗ ಗೋಡೆಯಾಚೆ ಗೇಟು ತೆರೆದ ಸದ್ದು. ಯಾರೋ ನೀರಿನಲ್ಲಿ ಕಾಲಿಟ್ಟರು. ಆಮೇಲೆ ತಮ್ಮನ ದನಿ, ಸ್ವಲ್ಪ ಮುದಿಯಾಗಿತ್ತು.

“ಅಣ್ಣಾ.”

ಅವನು ಗೋಡೆಯ ಕಡೆ ತಿರುಗಿದ.

“ಅಣ್ಣಾ, ನಿಮ್ಮನೆ ಪೈಪ್ ಎಲ್ಲೋ ಒಡೆದಿರಬೇಕು. ಗೋಡೆ ಬುಡದಿಂದ ನೀರು ಬರ್ತಿದೆ. ನಿಮ್ಮ ಟ್ಯಾಂಕ್ ಖಾಲಿಯಾಗಿಬಿಡತ್ತೆ, ನೋಡು.”

ದನಿಯಲ್ಲಿ ಕೊಂಕಿದೆಯೇ ಎಂದು ಹುಡುಕಿದ, ಇರಲಿಲ್ಲ. ಇದ್ದಿದ್ದರೆ ಉತ್ತರ ಸಿದ್ಧವಿತ್ತು, ಆರು ವರ್ಷದಿಂದ.

“ನಾನು ಬರ್ಲಾ? ಸ್ಪ್ಯಾನರ್ ಇದೆ.”

ನಿಲ್ಲಿಸಲೇ ಎಂದು ನಲ್ಲಿಯ ಹತ್ತಿರ ನಿಂತಿದ್ದ ಮೇಸ್ತ್ರಿ ಕಣ್ಣಲ್ಲೇ ಕೇಳಿದ. ಹೂಂ ಎಂದರೆ ನೀರು ನಿಲ್ಲುತ್ತದೆ. ನಿಂತರೆ, ಇವನು ಕೇಳಿಸಿಕೊಂಡ ಎಂದು ಆಚೆ ತಿಳಿಯುತ್ತದೆ. ಅವನು ಪೈಪು ಹಿಡಿದೇ ನಿಂತ.

“ಮನೇಲಿ ಯಾರೂ ಇಲ್ವೇನೋ,” ತಮ್ಮ ತನ್ನಷ್ಟಕ್ಕೆ ಹೇಳಿಕೊಂಡ. ಸ್ವಲ್ಪ ಹೊತ್ತಿಗೆ ಗುದ್ದಲಿ ಜೇಡಿಗೆ ಕಚ್ಚಿಕೊಳ್ಳುವ, ಕಿತ್ತು ಬರುವ ಸದ್ದು ಶುರುವಾಯಿತು; ನೀರಿಗೆ ದಾರಿ ತೋಡುತ್ತಿದ್ದ.

“ಸ್ವಲ್ಪ ಸರೀರಿ ಸ್ವಾಮಿ,” ಎಂದಳು ಕೂಲಿ ಹೆಂಗಸು.

ಎರಡು ಹೆಜ್ಜೆ ಸರಿದ. ಅಷ್ಟು ಹೊತ್ತು ಅವನು ನಿಂತಿದ್ದಲ್ಲಿ ಹುಲ್ಲಿನ ಎಳೆಗಳು ಎರಡು ಪಾದದಗಲ ಮಲಗಿದ್ದವು. ಅವಳು ಒಂದೇ ಸಲ ಪೊರಕೆ ಎಳೆದಳು. ಅಲ್ಲಿ ಯಾರೂ ಯಾವತ್ತೂ ನಿಂತಿರಲಿಲ್ಲವೆಂಬಂತೆ ಎಲ್ಲವೂ ಎದ್ದು ನಿಂತವು. ಆಮೇಲೆ ಅವಳು ಪೊರಕೆಯನ್ನು ಅವನು ಈಗ ನಿಂತಿದ್ದ ಕಡೆಗೆ ತಿರುಗಿಸಿದಳು.